ಹಿತ್ತಾಳೆ ಲೆನ್ಸಿನ ಮುಂದೆ ಹಾಲವ್ವ

ಹೊಳೆದಂಡೆಯ ಊರೊಂದರಲ್ಲಿ ನೇಮಿರಾಜಯ್ಯ ಎಂಬ ಹಿರಿಯರು ಫೋಟೋ ತೆಗೆಯುತ್ತಿದ್ದರು. ಆಳೆತ್ತರದ ಮರದ ಕ್ಯಾಮೆರಾ, ಅದಕ್ಕೊಂದು ನೂರು ವರ್ಷ ಹಳೆಯ ಹಿತ್ತಾಳೆ ಲೆನ್ಸು. ಆ ಲೆನ್ಸು ಮುಖಗಳನ್ನು ತೆಳ್ಳನೆ ಮಂಜಿನಲ್ಲಿ ಕಂಡ ಹಾಗೆ ಮೆತ್ತಗೆ ತೋರಿಸುತ್ತಿತ್ತು.

ಇಂದುಮತಿ ಎರಡು ವರ್ಷದಿಂದ ಅವರ ಶಿಷ್ಯೆ. ಅವತ್ತು ಮೊದಲ ಸಲ ಮೇಷ್ಟ್ರು ಕ್ಯಾಮೆರಾವನ್ನು ಅವಳಿಗೇ ಬಿಟ್ಟರು.

ಎದುರು ಕೂತವಳು ಸೂಲಗಿತ್ತಿ ಹಾಲವ್ವ. ಅವಳ ಫೋಟೋವನ್ನು ಹೆರಿಗೆ ಆಸ್ಪತ್ರೆಯಲ್ಲಿ ಹಾಕಿಸಬೇಕೆಂದು ಊರ ಹೆಂಗಸರು ಹಟ ಹಿಡಿದಿದ್ದರು. ಹಾಲವ್ವನ ಮುಖದ ತುಂಬ ಸಿಡುಬಿನ ಕಲೆ.

ಇಂದುಮತಿ ಲೆನ್ಸಿಗೆ ಬೆಳಕು ಬಿಡುವ ಕಿಂಡಿಯನ್ನು ಪೂರಾ ತೆರೆದಳು. ತೆರೆದಷ್ಟೂ ಮಂಜು ಹೆಚ್ಚು. ಚಿತ್ರದಲ್ಲಿ ಒಂದು ಕಲೆಯೂ ಉಳಿಯಲಿಲ್ಲ.

ಹಾಲವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ಇವಳು ಯಾರು, ತಾಯಿ?”

“ನೀವೇ, ಅಜ್ಜಿ.”

“ಈ ಊರಿನ ಅರ್ಧ ಜನ ಕಣ್ಣು ಬಿಟ್ಟು ಮೊದಲು ನೋಡಿದ್ದು ನನ್ನ ಮುಖಾನ. ಇವಳನ್ನ ಯಾರೂ ನೋಡಿಲ್ಲ.”

ಚಿತ್ರವನ್ನು ಮೇಜಿನ ಮೇಲಿಟ್ಟು ಹೋದಳು.

ಇಂದುಮತಿಗೆ ತಲೆ ಎತ್ತಲಾಗಲಿಲ್ಲ. “ಚಂದ ಕಾಣಲಿ ಅಂತ ಮಾಡಿದೆ, ಮೇಷ್ಟ್ರೇ.”

“ಚಂದ ಮಾಡು ಅಂತ ಹಾಲವ್ವ ಕೇಳಿದ್ರಾ?” ಎಂದರು ನೇಮಿರಾಜಯ್ಯ.

ಮರುದಿನ ಇಂದುಮತಿ ಹಾಲವ್ವನ ಮನೆಗೆ ಹೋಗಿ ಕರೆದು ತಂದಳು. ಈ ಸಲ ಕಿಂಡಿಯನ್ನು ತೀರಾ ಸಣ್ಣದು ಮಾಡಿದಳು. ಮಂಜೆಲ್ಲ ಹೋಯಿತು. ಒಂದೊಂದು ಕಲೆಯೂ ಎಣಿಸುವ ಹಾಗೆ ಬಂತು. ಚಿತ್ರದಲ್ಲಿ ಕಲೆ ಬಂತು, ಹಾಲವ್ವ ಬರಲಿಲ್ಲ.

“ಈ ಲೆನ್ಸೇ ಬೇಡ. ಹೊಸದು ಹಾಕೋಣ, ಮೇಷ್ಟ್ರೇ.”

“ಬೀರುವಿನಲ್ಲಿದೆ, ತಗೋ,” ಎಂದು ನೇಮಿರಾಜಯ್ಯ ಬೀಗದ ಕೈ ಕೊಟ್ಟರು.

ಅವಳು ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ವಾಪಸು ಕೊಟ್ಟಳು. “ಇದರಲ್ಲೇ ಇನ್ನೊಂದು ಸಲ ನೋಡ್ತೀನಿ.”

ಎಂಟು ದಿನ ಅವಳು ಮೇಷ್ಟ್ರನ್ನೇ ಕುರ್ಚಿಯಲ್ಲಿ ಕೂರಿಸಿ ಕಿಂಡಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

ಒಂಬತ್ತನೆಯ ದಿನ ಮತ್ತೆ ಹಾಲವ್ವನ ಬಾಗಿಲಿಗೆ ಹೋದಳು.

“ಇನ್ನೊಂದು ಸಲ ಬರಬೇಕಾ?”

“ಹೌದು, ಅಜ್ಜಿ.”

“ನಿಂಗಿದು ಚೊಚ್ಚಲ ಹೆರಿಗೆ ಅಲ್ವಾ. ಹೊತ್ತು ಹಿಡಿಯತ್ತೆ ಬಿಡು,” ಎಂದು ಹಾಲವ್ವ ಸೆರಗು ಹೊದ್ದು ಹೊರಟಳು.

ಇಂದುಮತಿ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದಳು. ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ಮೂಡಿದ ಬಿಂಬದಲ್ಲಿ ಹಾಲವ್ವ ತಲೆಕೆಳಗಾಗಿ ಕೂತಿದ್ದಳು. ಕಿಂಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿದಳು. ಒಂದು ಹಂತದಲ್ಲಿ ಕಣ್ಣುಗಳು ನಿಚ್ಚಳವಾದವು. ಕಲೆಗಳು ಇದ್ದಲ್ಲೇ ಇದ್ದವು, ಅವುಗಳ ಮೇಲೆ ಮೆಲ್ಲಗೆ ಬೆಳಕು ಹರಡಿತ್ತು. ಅಲ್ಲಿಗೆ ಕೈ ನಿಲ್ಲಿಸಿದಳು.

“ಅಲುಗಾಡಬೇಡಿ, ಅಜ್ಜಿ.”

ಆ ಚಿತ್ರವನ್ನು ಹಾಲವ್ವ ತುಂಬ ಹೊತ್ತು ನೋಡಿದಳು. ತನ್ನ ಕೆನ್ನೆಯ ಮೇಲೆ ಕೈಯಾಡಿಸಿಕೊಂಡಳು.

“ಇದಕ್ಕೆ ಕಟ್ಟು ಹಾಕಿಸು, ತಾಯಿ.”

ಅವಳು ಹೋದ ಮೇಲೆ ಇಂದುಮತಿ ಕೇಳಿದಳು: “ಕಿಂಡಿ ಎಷ್ಟು ತೆರೀಬೇಕು ಅಂತ ಮೊದಲೇ ಹೇಳಬಹುದಿತ್ತಲ್ಲ, ಮೇಷ್ಟ್ರೇ?”

“ಹಾಲವ್ವನಿಗೆ ಎಷ್ಟು ಅಂತ ನನಗೂ ಇವತ್ತೇ ಗೊತ್ತಾಗಿದ್ದು,” ಎಂದರು ನೇಮಿರಾಜಯ್ಯ.