ಮನೆಮಗಳಿಗೆ ರಜ ಯಾಕೆ

ವಕೀಲರ ಹೆಂಡತಿ ವನಮಾಲಮ್ಮನ ಮನೆ ಒರೆಸಿ ಒರೆಸಿ ಸಣ್ಣಮ್ಮನ ಮಂಡಿ ಕುಂಬಳಕಾಯಿ ಆಗಿತ್ತು. "ಅಮ್ಮಾವ್ರೇ, ವಾರಕ್ಕೊಂದು ದಿನ ರಜ ಕೊಡಿ," ಅಂದರೆ, "ನೀನು ನಮ್ಮನೆ ಮಗಳಿದ್ದಂಗೆ ಕಣೇ. ಮಗಳು ಎಲ್ಲಾದ್ರೂ ರಜ ಕೇಳ್ತಾಳಾ?" ಅನ್ನೋಳು ಆ ಮಹಾತಾಯಿ. ಮಗಳಂತೆ ಮಗಳು! ಯಾವ ತಾಯಿ ಮಗಳನ್ನ ಬಚ್ಚಲ ಬಾಗಿಲಲ್ಲಿ ಕೂರಿಸಿ ಹಳಸಿದ ಸಾರು ಬಡಿಸ್ತಾಳೆ? ಅವಳ ನಾಲಿಗೆ ಸೇದಿಹೋಗ!

ಗೌರಿ ಹಬ್ಬಕ್ಕೆ ಹೊಸ ಬೀಗರು ಬಂದರು. ಅವರ ಮುಂದೆಯೂ ಅದೇ ರಾಗ: "ನಮ್ಮ ಸಣ್ಣಮ್ಮ ಮನೆಮಗಳೇ."

ಸಣ್ಣಮ್ಮ ಪೊರಕೆ ಮೂಲೆಗಿಟ್ಟಳು. ಸೀದಾ ಬಂದು ಬೀಗಿತ್ತಿಯ ಪಕ್ಕ ಸೋಫಾದಲ್ಲಿ ಕೂತು ಕಾಲು ಚಾಚಿದಳು.

"ಅವ್ವಾ, ತವರಿಗೆ ಬಂದಿದೀನಿ. ಎಲ್ಲಿ ನನ್ನ ಬಾಗಿನ? ಅಪ್ಪಯ್ಯನೂ ಬರ್ಲಿ. ಆಸ್ತೀಲಿ ಹೆಣ್ಮಕ್ಕಳಿಗೂ ಪಾಲಂತಲ್ಲ, ಇವತ್ತೇ ಮಾತಾಡಿಬಿಡಾಣ."

ವನಮಾಲಮ್ಮ ಮೈಮೇಲೆ ಬಂದವಳ ಹಾಗೆ ಕಿರುಚಿದಳು: "ಏಳೇ ಮೇಲೆ! ನೀನು ಕೆಲಸದವಳು!"

"ಹಂಗನ್ನಿ ಮತ್ತೆ!" ಸಣ್ಣಮ್ಮ ಮಂಡಿ ಹಿಡಿದು ಎದ್ದಳು. "ಎಲ್ಲರೂ ಕೇಳಿಸ್ಕೊಂಡ್ರಲ್ಲ? ನಾನು ಕೆಲಸದವಳು. ವಕೀಲರ ಗುಮಾಸ್ತನಿಗೆ ಭಾನುವಾರ ರಜ ಇದೆ, ಇನ್ಮೇಲೆ ನನಗೂ ಇದೆ."

ವನಮಾಲಮ್ಮನ ಮುಖ ಸುಟ್ಟ ಬದನೆಕಾಯಿ. ಬೀಗಿತ್ತಿ ಮಾತ್ರ ಸೆರಗಿನೊಳಗೇ ನಕ್ಕಳು.

"ಕೊಟ್ಬಿಡಿ ಬೀಗರೇ. ಆಸ್ತಿ ಪಾಲಿಗಿಂತ ಭಾನುವಾರ ಅಗ್ಗ."