ರಕ್ತ ತೆಗೆಯುವ ಗುಡಾರ

ವೈದ್ಯಶಾಸ್ತ್ರ ಓದಿ ಮುಗಿಸಿದ ಶಿಷ್ಯನೊಬ್ಬ ಆಫ್ರಿಕದ ಒಂದು ನಾಡಿಗೆ ಜ್ವರಗಳ ಸಂಶೋಧನೆಗೆಂದು ಹೊರಟಿದ್ದ. ಹೋಗುವ ಮುನ್ನ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳದವನಿಗೆ ಸುಳ್ಳಿನ ಪಾಪ ತಟ್ಟುತ್ತದೆಯೇ?"

"ಪ್ರಶ್ನೆ ಜಾಣರದ್ದೇ" ಎಂದರು ಗುರುಗಳು. "ನೀನು ಹೋಗುವ ಕಡೆಯದೇ ಒಂದು ಕತೆಯಿದೆ, ಕೇಳು."

ಒಂದು ಹೊಳೆ. ಆಚೆ ದಡದಲ್ಲಿ ಸರಕಾರದ ಆಸ್ಪತ್ರೆ, ಈಚೆ ಒಂದು ಹಳ್ಳಿ. ಮಕ್ಕಳಿಗೆ ಜ್ವರ ಬಂದರೆ ತಾಯಂದಿರು ದೋಣಿ ಹತ್ತುತ್ತಿದ್ದರು. ದೂರದೇಶದ ಪಂಡಿತನೊಬ್ಬ ಬಂದು ಆ ಹಳ್ಳಿಯಲ್ಲಿ ಗುಡಾರ ಹಾಕಿದ. ಜ್ವರ ಬಂದ ಮಕ್ಕಳ ತೋಳಿನಿಂದ ರಕ್ತ ತೆಗೆದು, ಸೀಸೆಗೆ ತುಂಬಿ, ಪರೀಕ್ಷೆಗೆ ತನ್ನ ದೇಶಕ್ಕೆ ಕಳಿಸುತ್ತಿದ್ದ. ಔಷಧ ಕೊಡುವುದು ಅವನ ಕೆಲಸವಲ್ಲ, ಅದು ಆಸ್ಪತ್ರೆಯದು. ಹಾಗೆಂದು ಬರೆದ ಒಪ್ಪಿಗೆಪತ್ರವನ್ನು ಮೊದಲ ದಿನವೇ ಎಲ್ಲರ ಮುಂದೆ ಓದಿಸಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ.

ಆದರೆ ಆ ನಾಡಿನ ಹಳೆಯ ವೈದ್ಯರು ದನದ ಕೊಂಬನ್ನು ಮೈಗಿಟ್ಟು, ಕೆಟ್ಟ ರಕ್ತ ಹೀರಿ ತೆಗೆದು ರೋಗ ವಾಸಿಮಾಡುವವರು. ರಕ್ತ ತೆಗೆಯುವುದೇ ಅಲ್ಲಿ ಚಿಕಿತ್ಸೆ. ಓದಿ ಹೇಳಿದ್ದನ್ನು ಜನ ಕೇಳಿದರು, ಕಂಡದ್ದನ್ನು ನಂಬಿದರು. ಕೊಂಬಿನ ಬದಲು ಸೂಜಿ ಬಂದಿದೆ, ಇನ್ನು ಹೊಳೆ ದಾಟುವುದೇಕೆ ಎಂದುಕೊಂಡರು. ದೋಣಿ ಖಾಲಿ ಓಡಾಡತೊಡಗಿತು.

ಪಂಡಿತನ ದುಭಾಷಿಗೆ ಇದು ಗೊತ್ತಾಯಿತು. "ಅಯ್ಯಾ, ಇವರು ಇದನ್ನೇ ಔಷಧ ಅಂದುಕೊಂಡಿದ್ದಾರೆ. ಇನ್ನೊಮ್ಮೆ ಬಿಡಿಸಿ ಹೇಳೋಣವೇ?"

"ಹೇಳಿದರೆ ನಾಳೆ ಯಾರು ಬರುತ್ತಾರೆ? ಈ ಕೆಲಸ ಮುಗಿದರೆ ಇಡೀ ನಾಡಿಗೇ ಒಳ್ಳೆಯದು. ನಾನೇನೂ ಸುಳ್ಳು ಹೇಳಿಲ್ಲವಲ್ಲ" ಎಂದ ಪಂಡಿತ.

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ನನಗೆ ಸುಲಭವಾಗುತ್ತಿತ್ತು.

ಒಬ್ಬ ತಾಯಿ ತನ್ನ ಒಬ್ಬಳೇ ಮಗಳನ್ನು ತಂದಳು. ಪಂಡಿತ ರಕ್ತ ತೆಗೆದು, ತೋಳಿಗೆ ಹತ್ತಿ ಅಂಟಿಸಿ ಕಳಿಸಿದ. ಅವಳು ನೆಮ್ಮದಿಯಿಂದ ಮನೆಗೆ ಹೋದಳು. ಜ್ವರ ಇಳಿಯಲಿಲ್ಲ. ಮತ್ತೆ ಬಂದು ಬೆಳಗಿನಿಂದ ಗುಡಾರದ ಮುಂದೆ ಸಾಲಿನಲ್ಲಿ ಕೂತಳು. ಸರದಿ ಬರುವಷ್ಟರಲ್ಲಿ ಮಗು ಕಣ್ಣು ತೆರೆಯುತ್ತಿರಲಿಲ್ಲ.

"ಅಯ್ಯಾ, ಮೊನ್ನೆ ತೆಗೆದದ್ದು ಸಾಲಲಿಲ್ಲ. ಇನ್ನೂ ಸ್ವಲ್ಪ ತೆಗೆಯಿರಿ" ಎಂದಳು.

ಪಂಡಿತ ಸೂಜಿ ಕೆಳಗಿಟ್ಟ. ತಾನೇ ಮಗುವನ್ನೆತ್ತಿಕೊಂಡು ದೋಣಿಗೆ ಓಡಿದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗು ಸತ್ತಿತು.

ಆಮೇಲೆ ಪಂಡಿತ ತನ್ನ ದೇಶಕ್ಕೆ ಹೋಗಿ ಗ್ರಂಥ ಬರೆದ. ತಾಯಂದಿರು ಮಕ್ಕಳನ್ನು ತಡವಾಗಿ ಆಸ್ಪತ್ರೆಗೆ ತರುತ್ತಾರೆ, ಅದರಿಂದಲೇ ಅಲ್ಲಿ ಮಕ್ಕಳು ಸಾಯುತ್ತಾರೆ, ತಾಯಂದಿರಿಗೆ ತಿಳಿವಳಿಕೆ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ದೊಡ್ಡವರೆಲ್ಲ ತಲೆದೂಗಿದರು. ಆ ನಾಡಿನ ಸರಕಾರವೂ ಒಪ್ಪಿತು. ಆರೋಗ್ಯ ಸುಧಾರಣೆಯೆಂದು ದೋಣಿ ನಿಲ್ಲುವಲ್ಲಿ ಒಂದು ಫಲಕ ನೆಟ್ಟಿತು: 'ತಾಯಂದಿರೇ, ಅಲಕ್ಷ್ಯ ಮಾಡಿ ಮಕ್ಕಳನ್ನು ಕಳೆದುಕೊಳ್ಳಬೇಡಿ.'

ನೀರಿಗೆ ಹೋದ ಆ ತಾಯಿ ಅದನ್ನು ಯಾರಿಂದಲೋ ಓದಿಸಿಕೊಂಡಳು. ಮಗಳನ್ನು ತಾನೇ ಕೊಂದೆನೆಂದು ಅಂದಿನಿಂದ ನಂಬಿದ್ದಾಳೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ಹಾಗಾದರೆ ಆ ಗ್ರಂಥದಲ್ಲಿದ್ದದ್ದು ಸುಳ್ಳೇ?"

"ಅಲ್ಲಪ್ಪ, ತಡವಾದದ್ದು ನಿಜವೇ, ಆ ಹೊತ್ತೆಲ್ಲ ಅವಳು ಯಾರ ಬಾಗಿಲಲ್ಲಿ ಕೂತಿದ್ದಳು ಎಂಬುದನ್ನಷ್ಟೇ ಅವನು ಬರೆಯಲಿಲ್ಲ."