ಚಟ್ನಿ ಜಾರಿನ ಜಗಳ

ಬ್ಲೌಸ್ ಹೊಲಿಯುವ ಇಂದ್ರಾಣಿ, ಅಡುಗೆಯ ತಿಮ್ಮೇಶ. ಇಬ್ಬರೂ ತಾಳಿಗೀಳಿ ಇಲ್ಲದೆ ತುಮಕೂರಿನಲ್ಲಿ ಆರು ವರ್ಷ ಸಂಸಾರ ಮಾಡಿದವರು. ಈಗ ತಿಮ್ಮೇಶ ಕೆನಡಾದ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದ. ಅವನ ಹತ್ತಿರ ಹೋಗಲು ಇಂದ್ರಾಣಿ ವೀಸಾ ಕೇಳಿದಳು.

ವೀಸಾ ಸಾಹೇಬರು ಅವಳು ತಂದ ಫೋಟೋಗಳನ್ನು ಬೆರಳ ತುದಿಯಿಂದ ಪಕ್ಕಕ್ಕೆ ತಳ್ಳಿದರು. "ಫೋಟೋ ಯಾರು ಬೇಕಾದ್ರೂ ತೆಗೆಸ್ಕೋತಾರಮ್ಮ. ಮದುವೆ ಆಗಿಲ್ಲ, ಎರಡು ವರ್ಷದಿಂದ ಒಟ್ಟಿಗೂ ಇಲ್ಲ. ನಿಮ್ಮದು ಸಂಸಾರ ಅಂತ ಹೇಗೆ ನಂಬಲಿ?"

"ಅವನಿಗೇ ಫೋನ್ ಮಾಡಿ ಸಾರ್. ಮಿಕ್ಸಿಯ ಚಟ್ನಿ ಜಾರ್ ಎಲ್ಲಿ ಅಂತ ಕೇಳಿ, ಸಾಕು."

ಸಾಹೇಬರು ಸ್ಪೀಕರ್ ಹಾಕಿ ಕೇಳಿದರು. ನಿದ್ದೆಯಿಂದೆದ್ದ ತಿಮ್ಮೇಶ ಸಿಡಿದ. "ಆ ಜಗಳಾನ ಆಫೀಸಿನ ತನಕ ತಂದ್ಲಾ? ಜಾರು ನಂದು ಸಾರ್, ತಗೊಂಡು ಬಂದೆ."

"ಮೋಟರು ಇಲ್ಲೇ ಬಿಟ್ಟು ಜಾರು ಹೊತ್ಕೊಂಡು ಹೋದ ಬುದ್ಧಿವಂತ," ಎಂದಳು ಇಂದ್ರಾಣಿ.

"ನೀನು ನನ್ನ ಪೆಟ್ಟಿಗೇಲಿಟ್ಟ ಉಪ್ಪಿನಕಾಯಿ ಮುಚ್ಚಳ ಸರಿಯಾಗಿ ಹಾಕಿದ್ಯಾ? ನನ್ನ ಅಂಗಿಯೆಲ್ಲ ಎಣ್ಣೆ."

ಅಲ್ಲಿಂದ ಮುಂದೆ ಬೈಗುಳದಿಂದ ಅವನ ಅಮ್ಮನೂ ಉಳಿಯಲಿಲ್ಲ, ಇವಳ ಅಣ್ಣನೂ ಉಳಿಯಲಿಲ್ಲ. ಸಾಲಿನಲ್ಲಿ ಕೂತಿದ್ದವರೆಲ್ಲ ಎದ್ದು ಹತ್ತಿರ ಬಂದರು.

ಸಾಹೇಬರು ಫೋನು ಕಟ್ ಮಾಡಿ ಕೈಮುಗಿದರು. "ನಂಬಿದೆ ತಾಯಿ. ಆದ್ರೆ ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನಿಮ್ಮದೇನು, ಎರಡು ವರ್ಷವಾದ್ರೂ ಮುಗಿದಿಲ್ಲ?"

"ಹೆಂಗೆ ಮುಗೀತದೆ ಸಾರ್? ನಾನು ಉಣ್ಣೋ ಹೊತ್ತಿಗೆ ಅವನು ಮಲಗಿರ್ತಾನೆ. ನಾನು ಮಲಗೋ ಹೊತ್ತಿಗೆ ಅವನು ಉಣ್ಣೋಕೆ ಕೂತಿರ್ತಾನೆ. ನೀವು ವೀಸಾ ಕೊಡಿ, ಒಂದೇ ರಾತ್ರೀಲಿ ಮುಗಿಸ್ತೀವಿ."

ಸಾಹೇಬರ ಕಿವಿ ಕೆಂಪಾಯಿತು. ತಲೆ ಎತ್ತದೆ ಸೀಲು ಒತ್ತಿದರು.